ಕೇಳಿ ಮಾಡಿದರೆ ಕೆಡುವುದೇನು?

ಕಲಬುರಗಿ ಜಿಲ್ಲೆಯ ಸೇಡಂ ಇಲ್ಲವೆ ಚಿತ್ತಾಪುರ ತಾಲ್ಲೂಕಿನಲ್ಲಿ ಸಿಮೆಂಟ್ ಕಂಪನಿಯೊಂದು ದೊಡ್ಡದೊಂದು ಸುಣ್ಣಕಲ್ಲಿನ ಗಣಿ ತೆರೆಯಬೇಕೆಂದರೆ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಕನಿಷ್ಠ 30 ದಿನ ಕಾಯಬೇಕು. ಗಣಿಯ ಜಾಗದಲ್ಲೋ ಅದರ ಹತ್ತಿರದಲ್ಲೋ ಶಾಮಿಯಾನ ಹಾಕಿ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಕುಳಿತು, ಸುತ್ತಲಿನ ಹಳ್ಳಿಯವರ ಮಾತು ಕೇಳಬೇಕು. ಯಾರು ಏನೆಂದರು, ಕಂಪನಿ ಏನು ಉತ್ತರ ಕೊಟ್ಟಿತು ಎಂಬುದು ಬರಹದಲ್ಲಿ ದಾಖಲಾಗಬೇಕು, ವಿಡಿಯೊ ಆಗಬೇಕು. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ಹಾಕಿಕೊಟ್ಟ ನಿಯಮ ಇದು. ಕರೆಂಟಿನ ದರ ಏರಿಸಬೇಕೆಂದು ಜೆಸ್ಕಾಂ ಕೇಳಿದರೂ ವಿದ್ಯುತ್ ನಿಯಂತ್ರಣ ಆಯೋಗ ಅದನ್ನು ಜನರ ಮುಂದಿಟ್ಟು ಆಕ್ಷೇಪಣೆ ಕರೆಯುತ್ತದೆ. ಆದರೆ ಇದೇ ತಾಲ್ಲೂಕುಗಳ ಸರ್ಕಾರಿ ದವಾಖಾನೆಯಿಂದ ಹೆರಿಗೆ ತಜ್ಞರನ್ನು ಎತ್ತಿ ಬೇರೆಡೆ ಹಾಕಲು, ಆಪರೇಷನ್ ನಿಲ್ಲಿಸಲು, ರಾತ್ರಿ ಪಾಳಿ ತೆಗೆಯಲು ಒಂದು ಕಚೇರಿ ಆದೇಶ ಸಾಕು. ಅದರ ಪ್ರತಿ ಆ ದವಾಖಾನೆಯ ನೋಟಿಸ್ ಬೋರ್ಡಿನ ಮೇಲಾದರೂ ಇರಬೇಕೆಂದು ಯಾರೂ ಕಡ್ಡಾಯ ಮಾಡಿಲ್ಲ.

ದವಾಖಾನೆಯ ಸೇವೆ ಬದಲಿಸುವ ಮುನ್ನ ಅದನ್ನು ಬಳಸುವವರನ್ನೂ ಕೇಳಿ ಎಂದು ನಾವು ಕೆಲವರು ಹೇಳುತ್ತ ಬಂದಿದ್ದೇವೆ. ವೈದ್ಯ ಮಿತ್ರರಿಂದ, ಅಧಿಕಾರಿಗಳಿಂದ, ಪಕ್ಷದ ಕಾರ್ಯಕರ್ತರಿಂದ ಇದಕ್ಕೆ ನಾನಾ ಮರುಮಾತು ಬಂದಿವೆ. ಕೆಲವಕ್ಕೆ ತೂಕವಿದೆ, ಕೆಲವು ಬರೀ ಜಾರಿಕೊಳ್ಳುವ ಮಾತು. ತೂಕವಿದ್ದವಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಈ ಚರ್ಚೆಗೆ ಕಾವು ಬಂದದ್ದು ಹೇಗೆಂದು ಮೊದಲು ಹೇಳಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಐವಿ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಿತ್ತು, ರಾಜ್ಯದ ಉದ್ದಗಲಕ್ಕೂ ತಾಯಂದಿರ ಸಾವಿನ ಪರಿಶೀಲನೆ ನಡೆಯಿತು. ಅದಾದ ಮೇಲೆ ಆರೋಗ್ಯ ಇಲಾಖೆ ಹಿಡಿದ ದಾರಿ ಇದು: ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಒಬ್ಬೊಬ್ಬರಾಗಿ ಚದುರಿಹೋದ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗೆ ತರುವುದು, ಅಲ್ಲಿ ಸ್ತ್ರೀರೋಗ, ಅರಿವಳಿಕೆ, ಮಕ್ಕಳ ತಜ್ಞರು ತಲಾ ಇಬ್ಬರಿದ್ದು ಹಗಲಿರುಳು ಹೆರಿಗೆ ನಡೆಯುವಂತೆ ನೋಡಿಕೊಳ್ಳುವುದು. ಹೆರಿಗೆ ಸಂಖ್ಯೆ ಕಡಿಮೆ ಇರುವ ಕೇಂದ್ರಗಳು ತಮ್ಮ ತಜ್ಞರನ್ನು ಬಿಟ್ಟುಕೊಡಬೇಕು. ಈ ದಿಕ್ಕು ತಪ್ಪೆಂದು ನಾನು ಹೇಳುವುದಿಲ್ಲ. ಯಾವ ಕೇಂದ್ರದಿಂದ, ಯಾವಾಗ, ಅಲ್ಲಿ ಬದಲಿಗೆ ಏನು ಉಳಿಸಿ ಎಂಬುದನ್ನು ಆ ಊರಿನವರ ಜೊತೆ ಮಾತಾಡದೆ ಮುಗಿಸುವುದು ತಪ್ಪು ಎಂಬುದಷ್ಟೇ ನನ್ನ ವಾದ.

ಇನ್ನು ಮರುಮಾತುಗಳಿಗೆ ಬರೋಣ. "ಇದು ತಾಂತ್ರಿಕ ವಿಷಯ, ಅರಿವಳಿಕೆ ತಜ್ಞ ಎಲ್ಲಿರಬೇಕು ಅಂತ ಸಂತಿಯೊಳಗ ತೀರ್ಮಾನ ಮಾಡ್ಲಿಕ್ಕಾಗ್ತದೇನ್ರಿ?" ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು.

ಸಂತೆಯಲ್ಲಿ ತೀರ್ಮಾನಿಸಿ ಎಂದು ಯಾರೂ ಕೇಳಿಲ್ಲ. ತೀರ್ಮಾನ ಇಲಾಖೆಯದೇ ಇರಲಿ. ಹೊಟ್ಟೆ ಕೊಯ್ಯಬೇಕೋ ಬೇಡವೋ ಎಂಬುದು ವೈದ್ಯರ ವಿದ್ಯೆ, ಅದಕ್ಕೆ ನಾವು ಕೈಹಾಕುವುದಿಲ್ಲ. ಆದರೆ ನೋವು ಶುರುವಾದ ಹೆಣ್ಣುಮಗಳು ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ, ಯಾರ ಟಂಟಂನಲ್ಲಿ ಕುಳಿತು ದವಾಖಾನೆ ಮುಟ್ಟುತ್ತಾಳೆ ಎಂಬುದು ಯಾವ ವೈದ್ಯಕೀಯ ಪುಸ್ತಕದಲ್ಲೂ ಇಲ್ಲ. ಕಾಗಿಣಾ ತುಂಬಿ ದಂಡೋತಿ ಸೇತುವೆ ಮುಳುಗಿದರೆ ಚಿತ್ತಾಪುರಕ್ಕೂ ಕಾಳಗಿಗೂ ನಡುವಿನ ದಾರಿ ಕಡಿಯುತ್ತದೆ. ಮಳಖೇಡದಲ್ಲಿ ನೀರು ಏರಿದರೆ ಸೇಡಂ–ಕಲಬುರಗಿ ರಸ್ತೆಯೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಕುಳಿತು ನಕ್ಷೆ ನೋಡುವವರಿಗೆ ಇವು ಇಷ್ಟಿಷ್ಟು ಕಿಲೋಮೀಟರ್ ಅಷ್ಟೆ. ದಂಡೋತಿಯ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ಮಳೆಗೆ ಸೇತುವೆ ಮುಳುಗುತ್ತದೆ, ಆಗ ಸುತ್ತುಬಳಸಿ ಹೋಗುವ ದಾರಿ ಯಾವುದು, ಅದಕ್ಕೆಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳಿಯಾಳು. ಇದು ಸೇವೆಯ ಯೋಜನೆಗೆ ಬೇಕಾದ ಮಾಹಿತಿಯಲ್ಲವೆ?

"ಹೆರಿಗೆ ಸಂಖ್ಯೆ ಕಡಿಮೆ" ಎಂಬ ಅಳತೆಗೋಲನ್ನೇ ನೋಡಿ. ದೀಪಾವಳಿ ಕಳೆದದ್ದೇ ತಡ, ಚಿಂಚೋಳಿಯ ತಾಂಡಾಗಳಿಂದ ಕುಟುಂಬಕ್ಕೆ ಕುಟುಂಬವೇ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೊರಡುತ್ತವೆ. ವರ್ಷದ ಸರಾಸರಿ ತೆಗೆದರೆ ಈ ಏರಿಳಿತ ಕಾಣುವುದಿಲ್ಲ. ಮೊದಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ತಾಯಿ ಕಾರ್ಡ್ ಒಂದು ತಾಲ್ಲೂಕಿನದು, ಹಡೆಯುವುದು ಇನ್ನೊಂದರಲ್ಲಿ. ಕುಂಚಾವರಂ ಕಡೆಯವರಿಗೆ ಕಲಬುರಗಿಗಿಂತ ತೆಲಂಗಾಣದ ತಾಂಡೂರು, ಜಹೀರಾಬಾದ್ ಹತ್ತಿರ. ಗಡಿ ದಾಟಿ ಹಡೆದವಳ ಹೆಸರು ನಮ್ಮ ದವಾಖಾನೆಯ ರಿಜಿಸ್ಟರಿನಲ್ಲಿ ಇರುವುದಿಲ್ಲ, ಆದರೆ ಅವಳು ಗಡಿ ದಾಟಿದ್ದು ಯಾಕೆಂಬ ಪ್ರಶ್ನೆ ಇದ್ದೇ ಇರುತ್ತದೆ. ಅರಿವಳಿಕೆ ತಜ್ಞರ ಹುದ್ದೆ ಖಾಲಿ ಇದ್ದ ಕೇಂದ್ರದಲ್ಲಿ ಆಪರೇಷನ್ ಆಗುವುದಿಲ್ಲ. ಆಪರೇಷನ್ ಆಗುವುದಿಲ್ಲವೆಂದು ಗೊತ್ತಾದ ಮೇಲೆ ಸಹಜ ಹೆರಿಗೆಗೂ ಜನ ಅಲ್ಲಿಗೆ ಹೋಗುವುದಿಲ್ಲ. ಜನ ಹೋಗದ್ದರಿಂದ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದದ್ದರಿಂದ ಇದ್ದ ಸ್ತ್ರೀರೋಗ ತಜ್ಞರೂ ಹೋಗುತ್ತಾರೆ. ಸರ್ಕಾರವೇ ಹುದ್ದೆ ತುಂಬದೆ ಇಳಿಸಿದ ಸಂಖ್ಯೆಯನ್ನು ಆಮೇಲೆ ಜನರ ಮುಂದೆ ಸಾಕ್ಷಿಯಾಗಿ ಹಿಡಿದರೆ ಅದನ್ನು ಪ್ರಶ್ನಿಸುವ ಅವಕಾಶವಾದರೂ ಬೇಡವೆ?

ಓದುಬರಹ ಕಡಿಮೆ ಇರುವ ಹಳ್ಳಿಗರಿಗೆ ಇದೆಲ್ಲ ತಿಳಿಯದು ಎನ್ನುವವರು ನೆರೆಯ ರಾಯಚೂರಿನ ಕಡೆ ನೋಡಬೇಕು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಅಡಿಯಲ್ಲಿ 2007ರಿಂದ 2009ರವರೆಗೆ ಒಂಬತ್ತು ರಾಜ್ಯಗಳಲ್ಲಿ ಸಮುದಾಯ ಉಸ್ತುವಾರಿಯ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಜಿಲ್ಲೆಗಳು ರಾಯಚೂರು, ಗದಗ, ತುಮಕೂರು, ಚಾಮರಾಜನಗರ. ಹಳ್ಳಿಯ ಸಮಿತಿಗಳೇ ತಮ್ಮ ಆರೋಗ್ಯ ಕೇಂದ್ರದ ಸೇವೆಯನ್ನು ಹಸಿರು, ಹಳದಿ, ಕೆಂಪು ಎಂದು ಬಣ್ಣ ಹಚ್ಚಿ ಅಳೆದವು. ಜನಸಂವಾದ ಎಂಬ ಸಭೆಗಳಲ್ಲಿ ಅಧಿಕಾರಿಗಳ ಎದುರೇ ಅದನ್ನು ಇಟ್ಟವು. ಅಕ್ಷರ ಬಾರದವರೂ ಬಣ್ಣ ಓದಿದರು. ಸರ್ಕಾರದ್ದೇ ಯೋಜನೆ, ಸರ್ಕಾರದ್ದೇ ದುಡ್ಡು. ಪ್ರಯೋಗ ಮುಗಿಯಿತು. ಅದನ್ನು ಕಾಯಂ ಪದ್ಧತಿ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ.

ಎರಡನೆಯ ಆಕ್ಷೇಪ ನಿಜಕ್ಕೂ ಗಂಭೀರವಾದದ್ದು. ಕೆಲವು ವೈದ್ಯರು ಇದನ್ನು ಸಿಟ್ಟಿನಿಂದಲೇ ಹೇಳುತ್ತಾರೆ, ಆ ಸಿಟ್ಟಿಗೆ ಕಾರಣವಿದೆ. "ನೀವು ಸಭೆ ಸೇರಿಸುತ್ತ ಕೂತಿರಿ, ಅಷ್ಟರೊಳಗೆ ತಾಯಂದಿರು ಸಾಯುತ್ತಾರೆ. ಪ್ರತಿ ಊರೂ ತನ್ನ ತಜ್ಞರು ತನಗೇ ಬೇಕೆನ್ನುತ್ತದೆ. ಕೊನೆಗೆ ಒಬ್ಬೊಬ್ಬ ವೈದ್ಯ ಒಂದೊಂದು ಕಡೆ, ಯಾರಿಂದಲೂ ಯಾರಿಗೂ ಪ್ರಯೋಜನವಿಲ್ಲ."

ಇದರ ಅರ್ಧ ಭಾಗ ನಾನು ಒಪ್ಪುತ್ತೇನೆ. 2019–21ರ ಮಾದರಿ ನೋಂದಣಿ ಸಮೀಕ್ಷೆಯ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕರ್ನಾಟಕದಲ್ಲಿ 63, ಪಕ್ಕದ ತೆಲಂಗಾಣದಲ್ಲಿ 45, ಕೇರಳದಲ್ಲಿ 20. ದಕ್ಷಿಣದ ರಾಜ್ಯಗಳಲ್ಲಿ ನಾವೇ ಕೊನೆ. ಒಬ್ಬರೇ ಸ್ತ್ರೀರೋಗ ತಜ್ಞರು, ಅರಿವಳಿಕೆಗೆ ಯಾರೂ ಇಲ್ಲ, ರಕ್ತ ಸಂಗ್ರಹ ಘಟಕವಿಲ್ಲ ಎಂದರೆ ಆ ಕೇಂದ್ರದ ಬೋರ್ಡು ಜನರನ್ನು ನಂಬಿಸಿ ಕೈಕೊಡುತ್ತದೆ. ರಾತ್ರಿ ಎರಡು ಗಂಟೆಗೆ ಅಲ್ಲಿಗೆ ಹೋಗಿ, "ಕಲಬುರಗಿಗೆ ಒಯ್ರಿ" ಎಂದು ಬರೆಸಿಕೊಂಡು ಮತ್ತೆ ಗಾಡಿ ಹುಡುಕುವುದಕ್ಕಿಂತ ನೇರ ದೊಡ್ಡ ದವಾಖಾನೆಗೆ ಹೋಗುವುದೇ ವಾಸಿ. ತಜ್ಞರನ್ನು ಒಂದೆಡೆ ಸೇರಿಸಬೇಕೆಂಬ ಇಲಾಖೆಯ ತರ್ಕ ಇಲ್ಲಿಯವರೆಗೆ ಗಟ್ಟಿ.

ಆದರೆ ತಾಯಂದಿರು ಸಾಯುವುದು ಆಪರೇಷನ್ ಕೋಣೆಯ ಕೊರತೆಯಿಂದ ಮಾತ್ರವಲ್ಲ. ಸೆರೀನ್ ತ್ಯಾಡಿಯಸ್, ಡೆಬೊರಾ ಮೇನ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಲೇಖನವೊಂದನ್ನು ಈ ಕ್ಷೇತ್ರದವರೆಲ್ಲ ಬಲ್ಲರು. ಅದು ಮೂರು ವಿಳಂಬಗಳನ್ನು ಗುರುತಿಸುತ್ತದೆ: ದವಾಖಾನೆಗೆ ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗಲು ಹಿಡಿಯುವ ಹೊತ್ತು, ಹೋಗಿ ಮುಟ್ಟಲು ಹಿಡಿಯುವ ಹೊತ್ತು, ಮುಟ್ಟಿದ ಮೇಲೆ ಚಿಕಿತ್ಸೆ ಸಿಗಲು ಹಿಡಿಯುವ ಹೊತ್ತು. ತಜ್ಞರನ್ನು ತಾಲ್ಲೂಕು ಆಸ್ಪತ್ರೆಗೆ ಸೇರಿಸಿದರೆ ಮೂರನೆಯದು ಕಡಿಮೆಯಾಗುತ್ತದೆ, ನಿಜ. ಅದೇ ಏಟಿಗೆ ಎರಡನೆಯದು ಹೆಚ್ಚಾಗುತ್ತದೆ. ದೂರ ಹೆಚ್ಚಿದರೆ ಖರ್ಚು ಹೆಚ್ಚು, ಖರ್ಚು ಹೆಚ್ಚಿದರೆ "ಬೆಳಗಾಗಲಿ ನೋಡೋಣ" ಎಂಬ ಮಾತು ಮನೆಯಲ್ಲಿ ಗಟ್ಟಿಯಾಗುತ್ತದೆ. ಹೀಗೆ ಮೊದಲನೆಯದೂ ಬೆಳೆಯುತ್ತದೆ. ಹೆರಿಗೆಯ ನಂತರ ರಕ್ತ ಕಟ್ಟದೆ ಹರಿಯತೊಡಗಿದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಮೂರನೆಯ ವಿಳಂಬದ ಲೆಕ್ಕ ಇಲಾಖೆಯ ಕಡತದಲ್ಲಿರುತ್ತದೆ. ಮೊದಲೆರಡರ ಲೆಕ್ಕ ಇರುವುದು ಊರವರ ಬಳಿ. ಒಂದರ ಲೆಕ್ಕ ಹಿಡಿದು ಉಳಿದೆರಡನ್ನು ಬಿಟ್ಟು ಯೋಜನೆ ಮಾಡಿದರೆ ಅದನ್ನು ವೈಜ್ಞಾನಿಕ ಎಂದು ಕರೆಯುವುದು ಹೇಗೆ?

ವಾಡಿಯಲ್ಲೋ ಶಹಾಬಾದಿನಲ್ಲೋ ಒಂದು ಸಭೆ ಕರೆದರೆ ಜನ ಕೇಳುವುದು ಏನನ್ನು? ರಾತ್ರಿ ಹೊತ್ತು 108 ಗಾಡಿ ಎಲ್ಲಿ ನಿಂತಿರುತ್ತದೆ, ಅದು ಬೇರೆ ಕೇಸಿಗೆ ಹೋಗಿದ್ದರೆ ಮುಂದಿನದು ಎಲ್ಲಿಂದ ಬರುತ್ತದೆ? ತಜ್ಞರು ಹೋದ ಮೇಲೆ ಸಹಜ ಹೆರಿಗೆಗೆ ನರ್ಸಮ್ಮ ಇರುತ್ತಾರೋ ಇಲ್ಲವೋ? ತಿಂಗಳ ತಪಾಸಣೆ, ಸ್ಕ್ಯಾನಿಂಗ್ ಇಲ್ಲೇ ಉಳಿಯುತ್ತವೆಯೋ ಅದಕ್ಕೂ ಕೂಲಿ ಬಿಟ್ಟು ದೂರ ಹೋಗಬೇಕೋ? ತಾಲ್ಲೂಕು ಆಸ್ಪತ್ರೆಯಲ್ಲಿ ಇಬ್ಬರು ತಜ್ಞರು ಎಂದಿರಲ್ಲ, ಒಬ್ಬರು ರಜೆ ಹಾಕಿ ಇನ್ನೊಬ್ಬರು ತರಬೇತಿಗೆ ಹೋದ ದಿನ ಯಾರು? ರಕ್ತ ಸಂಗ್ರಹ ಘಟಕ ನಡೆಯುತ್ತಿದೆಯೋ, ಬೀಗ ಹಾಕಿದೆಯೋ? ಇವುಗಳಲ್ಲಿ ಯಾವ ಪ್ರಶ್ನೆ ಮೂರ್ಖತನದ್ದು, ಯಾವುದು ಊರಿನ ಹಟದ್ದು ಎಂದು ನನ್ನ ವೈದ್ಯ ಮಿತ್ರರೇ ಹೇಳಲಿ. ಇಲಾಖೆ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು. ಎದುರಿಗೆ ಕುಳಿತವರು ಕೇಳದಿದ್ದರೆ ಕಡತದಲ್ಲಿ ಅವಕ್ಕೆ "ಕ್ರಮ ವಹಿಸಲಾಗಿದೆ" ಎಂಬ ಒಂದೇ ಉತ್ತರ.

ಜನರನ್ನು ಕೇಳಿದರೆ ಸೇವೆಗಳನ್ನು ಒಂದೆಡೆ ಸೇರಿಸಲು ಎಂದೂ ಆಗುವುದಿಲ್ಲ ಎಂಬುದೂ ನಿಜವಲ್ಲ. ಲಂಡನ್ನಿನಲ್ಲಿ ಪಾರ್ಶ್ವವಾಯು ರೋಗಿಗಳ ತುರ್ತು ಚಿಕಿತ್ಸೆ ಮೂವತ್ತರಷ್ಟು ಆಸ್ಪತ್ರೆಗಳಲ್ಲಿ ಹರಡಿತ್ತು. ಅದನ್ನು ಎಂಟು ಕೇಂದ್ರಗಳಿಗೆ ಇಳಿಸುವ ಯೋಜನೆಯನ್ನು 2009ರಲ್ಲಿ ಜನರ ಮುಂದಿಟ್ಟರು, ಯಾಕೆ, ಎಲ್ಲೆಲ್ಲಿ ಎಂದು ವಿವರಿಸಿದರು, ಅಭಿಪ್ರಾಯ ಪಡೆದರು, 2010ರಲ್ಲಿ ಜಾರಿ ಮಾಡಿದರು. ಸಾವು ಕಡಿಮೆಯಾದದ್ದನ್ನು ಆಮೇಲೆ ಬಂದ ಅಧ್ಯಯನಗಳು ತೋರಿಸಿದವು. ಅಲ್ಲಿಯ ಆಂಬುಲೆನ್ಸು, ರಸ್ತೆ ಇಲ್ಲಿಯವಲ್ಲ, ಹಾಗಾಗಿ ಅವರ ಎಂಟು ಕೇಂದ್ರಗಳ ಮಾದರಿಯನ್ನು ಇಲ್ಲಿಗೆ ಹೊತ್ತು ತರಲಾಗದು. ಆದರೆ ಕಾರಣ ಹೇಳಿ ಕೇಳಿದರೆ ಹತ್ತಿರದ ಸೇವೆಯನ್ನು ಬಿಟ್ಟುಕೊಡಲು ಜನ ಒಪ್ಪುತ್ತಾರೆ ಎಂಬುದಕ್ಕೆ ಅದು ಸಾಕ್ಷಿ. ನಮ್ಮ ಜನ ಅವರಿಗಿಂತ ಹಟಮಾರಿಗಳು ಎಂದು ಯಾರಾದರೂ ಹೇಳುವುದಾದರೆ ಮೊದಲು ಒಮ್ಮೆ ಕೇಳಿ ನೋಡಿ ಆಮೇಲೆ ಹೇಳಲಿ.

ಇನ್ನು ಕಾಲಹರಣದ ಮಾತು. ಗಣಿಯ ವಿಷಯದಲ್ಲಿ ಅರ್ಜಿ ಬಂದ 45 ದಿನದೊಳಗೆ ಜನರ ಅಹವಾಲು ಸಭೆ ಮುಗಿಸಬೇಕೆಂದು ಅದೇ 2006ರ ಅಧಿಸೂಚನೆ ಹೇಳುತ್ತದೆ. ದವಾಖಾನೆಗೂ ಅಷ್ಟೇ ಸಾಕು. ತಡೆಯಲಾಗದ ತುರ್ತು ಇದ್ದರೆ, ತಜ್ಞರೊಬ್ಬರು ನಿವೃತ್ತರಾದರೆ ಅಥವಾ ರಾಜೀನಾಮೆ ಕೊಟ್ಟರೆ, ಮೂರು ತಿಂಗಳ ಮಟ್ಟಿಗೆ ತಾತ್ಕಾಲಿಕ ಆದೇಶ ಮಾಡಲಿ, ಬೇಡವೆಂದವರಾರು? ತಾತ್ಕಾಲಿಕವೆಂದು ಹೇಳಿ ಕಾಯಂ ಮಾಡಬಾರದು, ಅಷ್ಟೆ.

ಮೂರನೆಯ ಮಾತು ನಮ್ಮ ಭಾಗಕ್ಕೇ ವಿಶೇಷವಾದದ್ದು. "ಮಂತ್ರಿಗಳು ನಿಮ್ಮವರೇ ಅದಾರಲ್ಲ! ಇನ್ನೇನು ಬೇಕು?"

ಹೌದು, 2023ರಿಂದ ರಾಜ್ಯದ ವೈದ್ಯಕೀಯ ಶಿಕ್ಷಣ ಖಾತೆ ಹೊತ್ತ ಡಾ. ಶರಣಪ್ರಕಾಶ ಪಾಟೀಲರು ಸೇಡಂ ಕ್ಷೇತ್ರದವರು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಪ್ರಿಯಾಂಕ್ ಖರ್ಗೆಯವರು ಚಿತ್ತಾಪುರದವರು. ಇಂಥ ಅದೃಷ್ಟ ಎಲ್ಲ ತಾಲ್ಲೂಕಿಗೂ ಇಲ್ಲ, ಒಪ್ಪೋಣ. ಆದರೆ ಮಂತ್ರಿ ನಮ್ಮವರೆಂಬ ಭರವಸೆಯ ಮೇಲೆ ದವಾಖಾನೆ ನಡೆಯುವುದಾದರೆ ಚಿಂಚೋಳಿ ಎಂದೋ ಉದ್ಧಾರವಾಗಬೇಕಿತ್ತು. ಎರಡು ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಅಲ್ಲಿಯವರು. ಆದರೂ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕೊಟ್ಟ ವರದಿಯಲ್ಲಿ ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಕುಳಿತವು. ಇದು ಆ ನಾಯಕರ ಮೇಲಿನ ದೂರಲ್ಲ. ಒಬ್ಬ ವ್ಯಕ್ತಿಯ ಒಳ್ಳೆಯತನದ ಮೇಲೆ ನಿಂತದ್ದು ಆ ವ್ಯಕ್ತಿಯ ಖಾತೆ ಬದಲಾದ ದಿನ ಕುಸಿಯುತ್ತದೆ, ನಿಯಮದ ಮೇಲೆ ನಿಂತದ್ದು ಹಾಗೆ ಕುಸಿಯುವುದಿಲ್ಲ. ಜನಪ್ರತಿನಿಧಿಯ ಕುರ್ಚಿಯೂ ಕಾಯಂ ಅಲ್ಲ, ಶಹಾಬಾದನ್ನು ನೋಡಿ: ಒಂದು ಕಾಲಕ್ಕೆ ಅದರದ್ದೇ ವಿಧಾನಸಭಾ ಕ್ಷೇತ್ರವಿತ್ತು, 2008ರ ಪುನರ್ವಿಂಗಡಣೆಯಲ್ಲಿ ಅದು ಅಳಿಯಿತು. ತಾಲ್ಲೂಕು ಎಂಬ ಹೆಸರು ಬಂದದ್ದು 2018ರಲ್ಲಿ.

ಅಲ್ಲದೆ, ಆರೋಗ್ಯ ಕೇಂದ್ರಗಳ ಮೇಲೆ ಕಣ್ಣಿಡಬೇಕಾದವರು ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಸದಸ್ಯರು. 2016ರಲ್ಲಿ ಚುನಾಯಿತರಾದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಅಧಿಕಾರಿಗಳದ್ದೇ ಆಡಳಿತ. ಜನಪ್ರತಿನಿಧಿಗಳು ಇದ್ದಾರಲ್ಲ ಎನ್ನುವವರು ಈ ಖಾಲಿ ಕುರ್ಚಿಗಳನ್ನು ತೋರಿಸಿ ಹೇಳಲಿ. ಹಳ್ಳಿಯವರಿಗೆ ಗ್ರಾಮಸಭೆಯಾದರೂ ಇದೆ. ವಾಡಿ ಪುರಸಭೆ, ಶಹಾಬಾದ್ ನಗರಸಭೆಯ ವ್ಯಾಪ್ತಿಯಲ್ಲಿ ಇರುವವರಿಗೆ ಅದೂ ಇಲ್ಲ. ಕಾರ್ಖಾನೆಯ ಗುತ್ತಿಗೆ ಕೂಲಿ, ಪರಸಿ ಬಂಡೆ ಒಡೆಯುವ ಕಾರ್ಮಿಕ, ರೈಲ್ವೆ ಜಂಕ್ಷನ್ ನಂಬಿ ಬದುಕುವ ಹಮಾಲ, ಇವರು ತಮ್ಮ ದವಾಖಾನೆಯ ಬಗ್ಗೆ ಎದ್ದು ನಿಂತು ಮಾತಾಡಲು ಕಾಯಿದೆ ಕೊಟ್ಟ ಒಂದು ಜಾಗವೂ ಇಲ್ಲ.

"ಆರೋಗ್ಯ ರಕ್ಷಾ ಸಮಿತಿ ಇದೆಯಲ್ಲ" ಎಂಬುದಕ್ಕೆ ಹೆಚ್ಚು ಹೇಳಬೇಕಿಲ್ಲ. ಸದಸ್ಯರು ನಾಮನಿರ್ದೇಶಿತರು. ಸುಣ್ಣಬಣ್ಣ, ಬಲ್ಬು, ನೀರಿನ ಮೋಟರು, ಬಳಕೆದಾರರ ಶುಲ್ಕದ ಲೆಕ್ಕ, ಇವು ಅದರ ಕೆಲಸ. ಸೇವೆ ತೆಗೆಯಬೇಕೋ ಉಳಿಸಬೇಕೋ ಎಂದು ಅದನ್ನು ಕೇಳಿ ತೀರ್ಮಾನಿಸಬೇಕೆಂಬ ನಿಯಮ ಎಲ್ಲಿದೆ? ಹಾಗೆ ನಿಯಮ ಮಾಡಿ, ಸಮಿತಿಯ ಸಭೆಯ ನಡಾವಳಿಯನ್ನು ಗೋಡೆಗೆ ಅಂಟಿಸುವುದಾದರೆ ನಾನು ಆ ಸಮಿತಿಯ ಪರವಾಗಿಯೇ ಬರೆಯುತ್ತೇನೆ.

"ಎಲ್ಲಾ ಕಲಬುರಗಿಯಲ್ಲಿ ಸಿಗುತ್ತದಲ್ಲ" ಎನ್ನುವವರ ಮಾತಿಗೆ ಆಧಾರವಿದೆ. ಸರ್ಕಾರಿ ವೈದ್ಯಕೀಯ ಕಾಲೇಜಿನ ಜಿಮ್ಸ್ ಆಸ್ಪತ್ರೆ ಇದೆ. ಸೇಡಂ ರಸ್ತೆಯಲ್ಲಿ ಇಎಸ್‌ಐಸಿಯ ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜು ಇವೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ 371 ಹಾಸಿಗೆಗಳನ್ನೇ ಇಟ್ಟು ಕಟ್ಟಿದ ಜಯದೇವ ಹೃದ್ರೋಗ ಆಸ್ಪತ್ರೆಯೂ 2024ರ ಡಿಸೆಂಬರಿನಲ್ಲಿ ಬಂತು. ಇವು ಬಂದದ್ದು ಸಂತೋಷವೇ. ಎದೆಯ ಆಪರೇಷನ್ನಿಗೆ ಯಾರೂ ಚಿಂಚೋಳಿಯಲ್ಲಿ ಆಸ್ಪತ್ರೆ ಕೇಳುತ್ತಿಲ್ಲ. ಆದರೆ ಹೆರಿಗೆ, ಜ್ವರ, ಹಾವು ಕಡಿತ, ಮುರಿದ ಕೈಗೂ ಕಲಬುರಗಿಯೇ ಗತಿಯಾದರೆ? ಚಿಂಚೋಳಿಯಿಂದ ಅಲ್ಲಿಗೆ 80 ಕಿಲೋಮೀಟರಿಗೂ ಮೇಲೆ, ಆ ಊರಿಗೆ ರೈಲೂ ಇಲ್ಲ. ರೋಗಿಯ ಜೊತೆ ಇಬ್ಬರು ಹೋಗಬೇಕು, ಅವರ ಕೂಲಿ ಹೋಗುತ್ತದೆ, ಊಟ ಹೊರಗೆ, ಮಲಗುವುದು ವಾರ್ಡಿನ ಹೊರಗಿನ ಕಟ್ಟೆಯ ಮೇಲೆ. ದೊಡ್ಡ ಆಸ್ಪತ್ರೆ ಎಂದಾಕ್ಷಣ ಸುರಕ್ಷಿತ ಎಂದೂ ಅಲ್ಲ. ಬಳ್ಳಾರಿಯಲ್ಲಿ ಆ ಬಾಣಂತಿಯರು ತೀರಿಕೊಂಡದ್ದು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ.

ಇನ್ನೊಂದು ದೂರು: "ಜನರ ಸಭೆ ಎಂದರೆ ರಾಜಕೀಯ. ಮೈಕು ಸಿಕ್ಕವರು ಕೂಗಾಡುತ್ತಾರೆ, ಕೊನೆಗೆ ಧರಣಿ."

ಧರಣಿ ಹುಟ್ಟುವುದು ಕೇಳಿದ್ದರಿಂದಲ್ಲ, ಕೇಳದೆ ಇದ್ದದ್ದರಿಂದ. ವಿಜಯಪುರದಲ್ಲಿ ಖಾಸಗಿ ಸಹಭಾಗಿತ್ವದ ವೈದ್ಯಕೀಯ ಕಾಲೇಜು ಬೇಡ, ಪೂರ್ತಿ ಸರ್ಕಾರಿಯೇ ಬೇಕು ಎಂದು 2025ರ ಸೆಪ್ಟೆಂಬರಿನಲ್ಲಿ ಕುಳಿತ ಜನ ನೂರು ದಿನ ದಾಟಿದರೂ ಏಳಲಿಲ್ಲ. ಯೋಜನೆ ಕಾಗದದ ಮೇಲಿದ್ದಾಗಲೇ ಅದೇ ಊರಿನಲ್ಲಿ ಒಂದು ದಿನ ಕೂತು ಮಾತಾಡಿದ್ದರೆ ನೂರು ದಿನ ಉಳಿಯುತ್ತಿತ್ತು. ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಎಂಬ ಪಟ್ಟಣದಲ್ಲಿ ತುರ್ತು ಚಿಕಿತ್ಸಾ ವಿಭಾಗ ಮುಚ್ಚಿದ್ದಕ್ಕೆ ಸಿಟ್ಟಾದ ಜನ 2001ರ ಚುನಾವಣೆಯಲ್ಲಿ ರಿಚರ್ಡ್ ಟೇಲರ್ ಎಂಬ ನಿವೃತ್ತ ವೈದ್ಯರನ್ನು ಪಕ್ಷೇತರರಾಗಿ ನಿಲ್ಲಿಸಿ, ಹಾಲಿ ಸಂಸದರನ್ನು 17 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ, ಪಾರ್ಲಿಮೆಂಟಿಗೆ ಕಳಿಸಿದರು. ರಾಜಕೀಯಕ್ಕೆ ಹೆದರುವವರು ಮುಚ್ಚಿದ ಬಾಗಿಲಿನ ತೀರ್ಮಾನಕ್ಕೇ ಹೆಚ್ಚು ಹೆದರಬೇಕು.

ವೈದ್ಯರ ಭಯ ಬೇರೆ, ಅದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಸಭೆಯಲ್ಲಿ ತಮ್ಮನ್ನು ನಿಲ್ಲಿಸಿ ಬೈಯುತ್ತಾರೆ, ನಾಳೆ ದವಾಖಾನೆಗೆ ನುಗ್ಗುತ್ತಾರೆ ಎಂಬ ಭಯ ಅದು. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕ 2009ರಲ್ಲೇ ಕಾಯಿದೆ ಮಾಡಬೇಕಾಯಿತು ಎಂದರೆ ಭಯಕ್ಕೆ ಕಾರಣವಿದೆ ಎಂದೇ ಅರ್ಥ. ಆದರೆ ರಾತ್ರಿ ಪಾಳಿಯ ಕಿರಿಯ ವೈದ್ಯರ ಮೇಲೆ ಬೀಳುವ ಏಟು ಯಾರಿಗೆ ಸಲ್ಲಬೇಕಾದ ಸಿಟ್ಟು? ತಜ್ಞರನ್ನು ಬೇರೆಡೆ ಕಳಿಸಿದ್ದು ಆ ಹುಡುಗನಲ್ಲ. ಆದೇಶ ಮಾಡಿದವರು ಜನರ ಮುಂದೆ ಬಂದು ಕಾರಣ ಹೇಳದೆ ಇರುವುದರಿಂದಲೇ ಮುಂದೆ ಸಿಕ್ಕವರು ಏಟು ತಿನ್ನುತ್ತಾರೆ. ಸಭೆಯಲ್ಲಿ ಉತ್ತರ ಕೊಡಬೇಕಾದವರು ಆ ಊರಿನ ವೈದ್ಯರಲ್ಲ, ಜಿಲ್ಲಾ ಆರೋಗ್ಯಾಧಿಕಾರಿ ಮತ್ತು ಅವರ ಮೇಲಿನವರು ಎಂದು ನಿಯಮದಲ್ಲೇ ಬರೆಯಲಿ. ಇದನ್ನು ಮೊದಲು ಕೇಳಬೇಕಾದವರು ವೈದ್ಯರ ಸಂಘದವರು.

"ಖಾಸಗಿಯವರಿಗೆ ಕೊಟ್ಟರೆ ಈ ರಗಳೆಯೇ ಇರುವುದಿಲ್ಲ" ಎಂಬ ಮಾತೂ ನಡುನಡುವೆ ತೇಲುತ್ತದೆ. ರಾಯಚೂರಿನಲ್ಲಿ ಒಪೆಕ್ ನೆರವಿನಿಂದ ಕಟ್ಟಿದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಅಪೋಲೊ ಸಂಸ್ಥೆಗೆ ನಡೆಸಲು ಕೊಟ್ಟದ್ದು, ಬಡವರಿಗೆ ಮೀಸಲಿಟ್ಟ ಉಚಿತ ಹಾಸಿಗೆಗಳ ಬಗ್ಗೆ ತಕರಾರು ಎದ್ದದ್ದು, ಕರಾರು ಮುಗಿದು 2012ರಲ್ಲಿ ಅದು ಮತ್ತೆ ಸರ್ಕಾರದ ಕೈಗೆ ಬಂದದ್ದು ಈ ಭಾಗದ ಹಿರಿಯರಿಗೆ ನೆನಪಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸಂಘಸಂಸ್ಥೆಗಳಿಗೆ, ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ವಹಿಸಿದ್ದ ಆರೋಗ್ಯ ಬಂಧು ಯೋಜನೆಯನ್ನೂ ಸರ್ಕಾರವೇ 2016ರಲ್ಲಿ ಕೈಬಿಟ್ಟಿತು. ಕೊಡುವಾಗ ಕೇಳಲಿಲ್ಲ, ಹಿಂದಕ್ಕೆ ತೆಗೆದುಕೊಳ್ಳುವಾಗಲೂ ಕೇಳಲಿಲ್ಲ.

ಕೊನೆಯದಾಗಿ, "ಇದಕ್ಕೆಲ್ಲ ಕಾನೂನು ಎಲ್ಲಿದೆ?" ಎನ್ನುವವರಿಗೆ. ಸಭೆ ಕರೆಯಲೇಬೇಕೆಂಬ ಕಾನೂನು ಇಲ್ಲ, ಅದು ಬೇಕೆಂದೇ ನಾವು ಕೇಳುತ್ತಿರುವುದು. ಆದರೆ ಏನೂ ಇಲ್ಲವೆಂದಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4(1)(ಸಿ) ಕಲಂ ಪ್ರಕಾರ, ಜನರ ಮೇಲೆ ಪರಿಣಾಮ ಬೀರುವ ತೀರ್ಮಾನ ಪ್ರಕಟಿಸುವಾಗ ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ಪ್ರಾಧಿಕಾರ ತಾನಾಗಿಯೇ ಪ್ರಕಟಿಸಬೇಕು. 4(1)(ಡಿ) ಪ್ರಕಾರ, ಆಡಳಿತಾತ್ಮಕ ತೀರ್ಮಾನಕ್ಕೆ ಕಾರಣವೇನೆಂದು ಅದರಿಂದ ಬಾಧಿತರಾದವರಿಗೆ ತಿಳಿಸಬೇಕು. ಯಾರೂ ಅರ್ಜಿ ಹಾಕದಿದ್ದರೂ ಮಾಡಬೇಕಾದ ಕೆಲಸ ಇದು. ನಮ್ಮ ತಾಲ್ಲೂಕುಗಳಲ್ಲಿ ಯಾವ ದವಾಖಾನೆಯ ಗೋಡೆಯ ಮೇಲೆ ಇಂಥ ಕಾರಣಪತ್ರ ನೋಡಿದ್ದೀರಿ?

ನಾವು ಕೇಳುವುದು ಇಷ್ಟು. ಸೇವೆ ತೆಗೆಯುವ, ಸೇರಿಸುವ, ಬೇರೆಯವರಿಗೆ ವಹಿಸುವ ಪ್ರಸ್ತಾವವಿದ್ದರೆ ಕಾರಣ ಮತ್ತು ಅಂಕಿಸಂಖ್ಯೆ ಸಹಿತ ಒಂದು ತಿಂಗಳು ಮೊದಲೇ ದವಾಖಾನೆಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ, ಪುರಸಭೆಯಲ್ಲಿ ಹಚ್ಚಿ. ಕನ್ನಡದ ಜೊತೆ ಉರ್ದು, ತೆಲುಗಿನಲ್ಲೂ ಇರಲಿ, ತಾಂಡಾಗಳಲ್ಲಿ ಲಂಬಾಣಿ ಮಾತಿನಲ್ಲಿ ಓದಿ ಹೇಳಿಸಿ. ಆ ಊರಿನಲ್ಲೇ, ಕೂಲಿಯವರು ಬರಬಹುದಾದ ಹೊತ್ತಿನಲ್ಲಿ ಒಂದು ಸಭೆ ಮಾಡಿ. ಹೆಣ್ಣುಮಕ್ಕಳ ಮಾತು ಬೇರೆಯಾಗಿ ಕೇಳಿ. ಸೊಂಟ ನೋವಿನ ಮಾತು ಊರ ಗೌಡರ ಮುಂದೆ ಯಾರು ಆಡಿಯಾರು? ಬಂದ ಆಕ್ಷೇಪಣೆಗಳಿಗೆ ಒಂದೊಂದಾಗಿ ಲಿಖಿತ ಉತ್ತರ ಕೊಡಿ. ಅದಾದ ಮೇಲೂ ಇಲಾಖೆ ತನ್ನ ಮೊದಲಿನ ತೀರ್ಮಾನಕ್ಕೇ ನಿಂತರೆ ನಿಲ್ಲಲಿ.

ಇದಕ್ಕೆ ಸರ್ಕಾರ ಒಪ್ಪುವವರೆಗೆ ಕಾಯಬೇಕಿಲ್ಲ. ಹಳ್ಳಿಯಲ್ಲಿದ್ದವರು ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಆರೋಗ್ಯ ಕೇಂದ್ರದ ಖಾಲಿ ಹುದ್ದೆಗಳ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಯಿಸಿರಿ. ವಾಡಿ, ಶಹಾಬಾದಿನವರು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಒಂದು ಅರ್ಜಿ ಹಾಕಿರಿ: ನಮ್ಮ ದವಾಖಾನೆಯಿಂದ ಯಾವ ಸೇವೆ ತೆಗೆಯುವ ಪ್ರಸ್ತಾವವಿದೆ, ಅದಕ್ಕೆ ಆಧಾರವಾದ ಅಂಕಿಸಂಖ್ಯೆ ಯಾವುದು, ಬದಲಿ ವ್ಯವಸ್ಥೆ ಏನು. ಶುಲ್ಕ 10 ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಅವರು ಉತ್ತರ ಕೊಡಬೇಕು.